ಕಂಪ್ಯೂಟರಿಗೆ ನಿಮ್ಮ ತಾತನ ಹೆಸರು ಕಲಿಸಿದ್ದು

ಮಕ್ಕಳೇ, ಅಷ್ಟು ವರ್ಷ ಸಂಸಾರ ಮಾಡಿದರೂ ನಿಮ್ಮ ತಾತನ ಹೆಸರನ್ನು ನಾನು ಬಾಯಿಬಿಟ್ಟು ಹೇಳಿದವಳಲ್ಲ. ಮೊದಲ ಸಲ ಹೇಳಿದ್ದು ನಮ್ಮೂರಿನ ಗ್ರಂಥಾಲಯದ ಕಂಪ್ಯೂಟರಿಗೆ, ಅದೂ ಬೆರಳಿನಲ್ಲಿ. ಟೈಪ್ ಮಾಡಿದ ಕೂಡಲೇ ಅದು ತಪ್ಪೆಂದು ಅಡಿಯಲ್ಲಿ ಕೆಂಪು ಗೆರೆ ಎಳೆಯಿತು. ಗ್ರಂಥಾಲಯ ನೋಡಿಕೊಳ್ಳುವ ಸವಿತಾ, ಹೆಸರನ್ನು ಪದಗಳ ಪಟ್ಟಿಗೆ ಸೇರಿಸುವುದನ್ನು ತೋರಿಸಿದಳು. ಸೇರಿಸಿದೆ. ಗೆರೆ ಹೋಯಿತು. ಇನ್ನು ಈ ಯಂತ್ರ ನಿಮ್ಮ ತಾತನನ್ನು ಮರೆಯುವುದಿಲ್ಲವೆಂದು ನಿಶ್ಚಿಂತಳಾದೆ.

ಸೋಮವಾರ ನಮ್ಮ ಸಿಂಧು ಶಾಲೆಯಲ್ಲಿ, ತಾತನ ಬಗ್ಗೆ ನಾನು ಟೈಪ್ ಮಾಡಿದ್ದ ಆ ಪುಟ ಓದಬೇಕಿತ್ತು. ಶನಿವಾರ ಸಂಜೆ, ಬಾಗಿಲು ಹಾಕಲು ಅರ್ಧ ಗಂಟೆ ಇರುವಾಗ, ಪೆನ್‌ಡ್ರೈವ್ ಹಿಡಿದು ಪ್ರಿಂಟ್ ತೆಗೆಸಲು ಹೋದೆ. ಇರುವ ಒಂದೇ ಕಂಪ್ಯೂಟರಿನ ಮುಂದೆ ಪಕ್ಕದ ಮನೆ ಜಯಮ್ಮ ತನ್ನ ಲಾಗಿನ್ ತೆರೆದುಕೊಂಡು, ದೊಡ್ಡಬಳ್ಳಾಪುರಕ್ಕೆ ಇನ್ನೊಂದು ಬಸ್ಸು ಬೇಕೆಂದು ಅರ್ಜಿ ಬರೆಯುತ್ತಿದ್ದಳು. ಅವಳ ಲಾಗಿನ್ನಿನಲ್ಲೇ ನನ್ನ ಪುಟ ತೆರೆದೆ. ತಾತನ ಹೆಸರಿದ್ದ ಕಡೆಯೆಲ್ಲ ಕೆಂಪು ಗೆರೆ!

"ಏನಕ್ಕಾ, ನಮ್ ಭಾವನೇ ತಪ್ಪಂತಲ್ಲ," ಎಂದಳು ಜಯಮ್ಮ.

ಮೈಯೆಲ್ಲ ಉರಿಯಿತು. "ಸವಿತಾ, ಹೋದ್ವಾರ ತಾನೆ ಇದಕ್ಕೆ ಹೇಳ್ಕೊಟ್ಟಿದ್ದೆ. ಅಷ್ಟರಲ್ಲೇ ಮರೆತ್ಬಿಡ್ತಾ?"

"ಇಲ್ಲ ಅಜ್ಜಿ. ಸಾಫ್ಟ್‌ವೇರ್ ಎಲ್ರಿಗೂ ಒಂದೇ. ಸೆಟ್ಟಿಂಗ್ಸು, ಕಲಿಸಿದ ಪದ ಎಲ್ಲ ಅವರವರ ಫೈಲಲ್ಲಿ ಬೇರೆಬೇರೆ ಇರುತ್ತೆ. ನೀವು ಕಲಿಸಿದ್ದು ನಿಮ್ಮ ಫೈಲಲ್ಲಿದೆ."

ಒಂದೇ ಮನೆಯಲ್ಲಿ ಒಬ್ಬೊಬ್ಬರಿಗೊಂದು ಒಲೆಯೇ? ಊರಿಗೆಲ್ಲ ಗೊತ್ತಿದ್ದ ಮನುಷ್ಯ ಪಕ್ಕದ ಮನೆಯವಳ ಲಾಗಿನ್ನಿಗೆ ಗೊತ್ತಿಲ್ಲವೆಂದರೇನು?

"ನನ್ನ ಫೈಲು ತಗೊಂಡು ಇವಳದ್ರ ಮೇಲೆ ಹಾಕಮ್ಮ," ಎಂದು ಅಪ್ಪಣೆ ಕೊಟ್ಟೆ.

"ಅಜ್ಜಿ, ಅವ್ರು ಕಲಿಸಿದ್ದು ಅಳಿಸಿಹೋಗಿ..."

"ಅವಳೇನು ಮಹಾ ಕಲಿಸಿರ್ತಾಳೆ, ಹಾಕು."

"ಹಾಕವ್ವ, ಅಕ್ಕ ಸುಮ್ನಾಗ್ಲಿ," ಎಂದಳು ಜಯಮ್ಮ.

ಸವಿತಾ ಹಾಕಿದಳು. ತಾತನ ಹೆಸರಿನ ಗೆರೆ ಮಾಯವಾಯಿತು. ಜಯಮ್ಮ ತನ್ನ ಅರ್ಜಿಗೆ ಮರಳಿದರೆ, ಅವಳ ಗಂಡನ ಹೆಸರಿನ ಅಡಿಯಲ್ಲಿ ಕೆಂಪು ಗೆರೆ ಕೂತಿತ್ತು. ಅವಳೂ ಯಾರೂ ಇಲ್ಲದಾಗ ಗುಟ್ಟಾಗಿ ಕಲಿಸಿದ್ದಳಂತೆ. ಎಲ್ಲರೆದುರು ಮತ್ತೆ ಕಲಿಸಲಾರೆನೆಂದು ಸೆರಗು ಬಾಯಿಗಿಟ್ಟುಕೊಂಡಳು.

"ನೀನೇ ಅಳ್ಸಿದ್ದು, ನೀನೇ ಸೇರ್ಸಕ್ಕಾ."

ನನ್ನ ಗಂಡನ ಮರ್ಯಾದೆ ಕಾಯಲು ಹೋದವಳು ಅವಳ ಗಂಡ ತಿಮ್ಮರಾಯಪ್ಪನವರನ್ನು ಕಂಪ್ಯೂಟರಿಗೆ ಪರಿಚಯ ಮಾಡಿಸಿ ಎದ್ದೆ. ಅಷ್ಟರಲ್ಲಿ ಸವಿತಾ ಕಿಟಕಿ ಮುಚ್ಚುತ್ತಿದ್ದಳು. ಅಂತೂ ಕೊನೆಗೆ ಸಿಂಧುವಿನ ಪುಟ ಪ್ರಿಂಟಾಗಿ ಬಂತು.

"ನೋಡು, ಒಂದೂ ಗೆರೆ ಇಲ್ಲ," ಎಂದು ಬೀಗಿದೆ.

"ಆ ಗೆರೆ ಪರದೆ ಮೇಲೆ ಮಾತ್ರ ಕಾಣೋದು ಅಜ್ಜಿ. ಪೇಪರ್ ಮೇಲೆ ಯಾವತ್ತೂ ಬರಲ್ಲ."

"ಮೊದ್ಲೇ ಹೇಳ್ಬಾರ್ದಿತ್ತಾ?"

"ನೀವು ಮಾತಾಡೋಕೆ ಬಿಟ್ರಾ?"

ನಾನು ಯಾರೆದುರೂ ತುಟಿ ಬಿಚ್ಚದ ಹೆಂಗಸೆಂದು ನಿಮಗೆ ಇಷ್ಟು ದಿನ ಹೇಳಿಕೊಂಡು ಬಂದಿದ್ದೆ. ಅದನ್ನು ಸವಿತಾಳ ಹತ್ತಿರ ಮಾತ್ರ ಹೇಳಬೇಡಿ.