ಮೂರು ಹೊತ್ತು ಕರೀರಿ

“ಈ ಎಮ್ಮೆ ಕೈಲಿ ದಿನಾ ಬೋಗುಣಿ ತುಂಬಾ ಹಾಲು ಕೊಡಿಸ್ಲಿಲ್ಲ ಅಂದ್ರೆ ನಾನು ಉಜ್ಜನಪ್ಪನೇ ಅಲ್ಲ!”

ದಾವಣಗೆರೆ ಹಳೇಪೇಟೆಯ ಹತ್ತಿ ವ್ಯಾಪಾರಿ ಉಜ್ಜನಪ್ಪನವರು ಹಿತ್ತಲಲ್ಲಿ ನಿಂತು ಹೀಗೆ ಘೋಷಿಸಿದರು. ಘೋಷಣೆಯ ರಭಸಕ್ಕೆ ಗೋಡೆಯ ಮೇಲಿದ್ದ ಕಾಗೆ ಹಾರಿಹೋಯಿತು. ಎಮ್ಮೆ ಮಾತ್ರ ಮೆಲುಕು ನಿಲ್ಲಿಸಲಿಲ್ಲ.

ಈ ಎಮ್ಮೆ ಉಜ್ಜನಪ್ಪನವರ ಹೆಂಡತಿಯ ತವರಿನದು. ಹರಿಹರದ ಆಚೆ ಕೊಕ್ಕನೂರಿನಿಂದ ಹೆಂಡತಿಯ ಅಣ್ಣ ಶಿವಯೋಗಪ್ಪ ಪ್ರೀತಿಯಿಂದ ಹೊಡೆದುಕೊಂಡು ಬಂದು ಕಟ್ಟಿದ್ದ. ಅಲ್ಲಿ ಬೋಗುಣಿ ತುಂಬುತ್ತಿದ್ದ ಪ್ರಾಣಿ ಇಲ್ಲಿ ತಂಬಿಗೆಗೆ ಇಳಿದಿತ್ತು. ಹತ್ತಿಕಾಳು ಹಾಕಿದರು, ಶೇಂಗಾ ಹಿಂಡಿ ಹಾಕಿದರು, ಹಾಕಿದ್ದಕ್ಕೆಲ್ಲ ಲೆಕ್ಕ ಹೇಳಿ ಎಮ್ಮೆಯನ್ನು ಬೈದರು. ಅದು ಇದ್ದ ಹಾಲನ್ನೂ ಕೆಚ್ಚಲಿಂದ ಇಳಿಸದೆ ಮೇಲೇರಿಸಿಕೊಂಡಿತು.

“ಹಿಂಡೋ ಹೊತ್ನಾಗೆ ನೀವು ಹಂಗೆ ಕಿರುಚಿದ್ರೆ ನಾನೂ ಹಾಲು ಕೊಡಲ್ಲ ಉಜ್ಜನಪ್ಪೋರೆ!” ಎಂದ, ತಂಗಿಯನ್ನು ನೋಡಲು ಬಂದಿದ್ದ ಶಿವಯೋಗಪ್ಪ. “ಹುಣ್ಣಿಮೆ ತನಕ ನೋಡ್ತೀನಿ. ಬೋಗುಣಿ ತುಂಬ್ಲಿಲ್ಲ ಅಂದ್ರೆ ಹಗ್ಗ ತರ್ತೀನಿ, ವಾಪಸ್ ಹೊಡ್ಕಂಡು ಹೋಗ್ತೀನಿ.”

ಹೆಂಡತಿಯ ತವರಿನ ಎಮ್ಮೆ, ಹಾಡುಹಗಲು, ಇಡೀ ಹಳೇಪೇಟೆಯ ಕಣ್ಣೆದುರು ತವರಿಗೆ ಮರಳುವುದೆಂದರೆ! ಹೆಂಡತಿಯೇ ತವರಿಗೆ ಹೋದರೂ ಇಷ್ಟು ಮಾನ ಹೋಗುವುದಿಲ್ಲ ಎಂದು ಉಜ್ಜನಪ್ಪನವರ ಅಂದಾಜು.

ಅದು ನಯಾಪೈಸೆ ಹೊಸದಾಗಿ ಬಂದಿದ್ದ ಕಾಲ. ದನದ ದವಾಖಾನೆಗೆ ಮೈಸೂರು ಕಡೆಯಿಂದ ಒಬ್ಬ ಡಾಕ್ಟರೂ ಹೊಸದಾಗಿ ಬಂದಿದ್ದರು. ಉಜ್ಜನಪ್ಪನವರ ಅಹವಾಲು ಕೇಳಿ ಅವರು ಬಲು ಮೆತ್ತಗೆ ಹೇಳಿದರು: “ಮೇವೆಲ್ಲ ಸರಿಯಾಗೇ ಇದೆ ಯಜಮಾನ್ರೇ. ನೀವು ದಿನಾ ಮೂರು ಹೊತ್ತು ಕರೀರಿ. ಗದರಿಸಬೇಡಿ, ಪ್ರೀತಿಯಿಂದ ಕರೀರಿ. ಅರ್ಧಂಬರ್ಧ ಬೇಡ, ಪೂರ್ತಿ ಕರೀರಿ. ಹಾಲೂ ಜಾಸ್ತಿಯಾಗುತ್ತೆ, ಕೆನೆಯೂ ದಪ್ಪಗೆ ಕಟ್ಟುತ್ತೆ.”

ಮೈಸೂರಿನವರು ಹಾಲು ಕರೆಯುತ್ತಾರೆ. ಉಜ್ಜನಪ್ಪನವರ ಮನೆಯಲ್ಲಿ ಹಾಲು ಹಿಂಡುತ್ತಾರೆ; ಕರೆಯುವುದೇನಿದ್ದರೂ ಬೀಗರನ್ನು, ಊಟಕ್ಕೆ. ಅವರು ದಾರಿಯುದ್ದಕ್ಕೂ ಹಣೆ ಚಚ್ಚಿಕೊಂಡರು. ಹೌದಲ್ಲ! ಬಂದಾಗಿನಿಂದ ಆ ಮೂಕಪ್ರಾಣಿಯನ್ನು ಒಂದು ಹೊತ್ತಾದರೂ ಕರೆದದ್ದುಂಟೆ?

ಕರೆಯಲು ಹೆಸರು ಬೇಕು. ಎಮ್ಮೆ ಬಂದದ್ದು ಮಂಗಳವಾರ. ‘ಮಂಗಳಾ’ ಎಂದಿಟ್ಟರು.

ಅವರ ಹೆಂಡತಿಯ ಹೆಸರು ಸರ್ವಮಂಗಳಮ್ಮ. ಆದರೆ ಅದು ಲಗ್ನಪತ್ರಿಕೆಯಲ್ಲಿ ಅಚ್ಚಾದದ್ದನ್ನು ಒಮ್ಮೆ ಓದಿದ ಮೇಲೆ ಉಜ್ಜನಪ್ಪನವರಿಗೆ ಆ ಹೆಸರಿನ ಅಗತ್ಯವೇ ಬಿದ್ದಿರಲಿಲ್ಲ. ‘ಏ ಇವಳೇ’ ಎಂಬುದರಲ್ಲಿ ಸಂಸಾರ ಸುಸೂತ್ರವಾಗಿ ನಡೆದಿತ್ತು.

ಮರುದಿನ ಬೆಳಿಗ್ಗೆ ಉಜ್ಜನಪ್ಪನವರು ಹಿತ್ತಲಿಗೆ ಹೋದರು. ಎಮ್ಮೆ ಒದೆಯುತ್ತಿದ್ದುದರಿಂದ ಹತ್ತಿರ ಹೋಗದೆ, ಅಡುಗೆಮನೆ ಬಾಗಿಲಿನ ಪಕ್ಕದ ಒಗೆಯುವ ಕಲ್ಲಿನ ಮೇಲೆ ನಿಂತರು. ಹಮಾಲರನ್ನು ಬೈದು ಬೈದು ಗಡುಸಾಗಿದ್ದ ಗಂಟಲನ್ನು ಆದಷ್ಟು ಹಿಸುಕಿಕೊಂಡು ಕರೆದರು.

“ಮಂಗಳಾ... ನನ್ನ ಬಂಗಾರಾ... ಮಂಗಳಾ!”

ಒಳಗೆ ಒಂದು ಪಾತ್ರೆ ಬಿತ್ತು. ಸರ್ವಮಂಗಳಮ್ಮ ಸೆರಗಿಗೆ ಕೈ ಒರೆಸುತ್ತಾ ಬಾಗಿಲಿಗೆ ಬಂದರು.

“ಕರದ್ರೇನು?”

“ಹೂಂ, ಕರದೆ. ಇನ್ಮೇಲೆ ದಿನಾ ಮೂರು ಹೊತ್ತು ಕರೀತೀನಿ. ಪ್ರೀತಿಯಿಂದ.”

“ಶಿವನೇ! ಈ ವಯಸ್ನಾಗೆ ಇದೇನ್ರಿ?”

“ವಯಸ್ಸಿಗೇನಾಗೈತೆ? ಎರಡು ಸೂಲು ಮುಗಿದೈತೆ, ಅಷ್ಟೇ ಅಲ್ಲೇನು? ಎರಡು ಸೂಲಿಗೇ ಯಾರಾದ್ರೂ ಮುದುಕಿ ಆಗ್ತಾರಾ?”

ಎರಡು ಮಕ್ಕಳ ತಾಯಿಯಾದ ಸರ್ವಮಂಗಳಮ್ಮ ಲೆಕ್ಕ ಹಾಕಿ ನೋಡಿದರು. ಸರಿಯಾಗಿತ್ತು. ಮಾತಿನ ನಯ ಗಂಡನಿಗೆ ಮೊದಲಿನಿಂದಲೂ ಇಲ್ಲ, ಆದರೆ ಭಾವ ಮುಖ್ಯ! ಪಕ್ಕದ ಮನೆ ಕೊಟ್ರವ್ವ ಗೋಡೆಯ ಮೇಲಿಂದ ಕತ್ತು ಚಾಚಿದ್ದು ಕಂಡು ಅವರಿಗೆ ನಾಚಿಕೆಯಾಯಿತು. ಸುಮ್ಮನೆ ನಿಲ್ಲಲಾಗದೆ ತಂಬಿಗೆ ಹಿಡಿದು ಎಮ್ಮೆ ಹಿಂಡಲು ಕೂತರು.

ಮಧ್ಯಾಹ್ನ ಉಜ್ಜನಪ್ಪನವರು ಅಂಗಡಿಯಿಂದ ಓಡಿಬಂದು ಕರೆದರು. ಸರ್ವಮಂಗಳಮ್ಮ ಓಡಿಬಂದರು. ಕೊಟ್ರವ್ವ ಗೋಡೆಗೆ ಬಂದಳು. ಮತ್ತೆ ತಂಬಿಗೆ, ಮತ್ತೆ ಎಮ್ಮೆ. ಸಂಜೆಯೂ ಹಾಗೇ. ಮೊದಲೆಲ್ಲ ಎರಡೇ ಹೊತ್ತು, ಅದೂ ಬೈಗುಳದ ನಡುವೆ ಅವಸರವಾಗಿ ಹಿಂಡಿ ಏಳುತ್ತಿದ್ದವರು ಈಗ ಕೊನೆಯ ತೊಟ್ಟು ಇಳಿಯುವವರೆಗೂ ಏಳುತ್ತಿರಲಿಲ್ಲ. ಏಕೆಂದರೆ ಹಿಂದಿನಿಂದ ಕರೆ ನಿಲ್ಲುತ್ತಿರಲಿಲ್ಲ.

“ಮಂಗಳಾ! ಏನು ಕಣ್ಣೇ ನಿನ್ದು, ಏನು ಮೈಕಟ್ಟು!”

“ಸಾಕು ಬಿಡ್ರಿ, ಕೊಟ್ರವ್ವ ಕೇಳಿಸ್ಕಂತಾಳೆ.”

“ಕೇಳಿಸ್ಕಳ್ಳಿ! ಅವರ ಮನ್ಯಾಗೈತೇನು ಇಂಥದ್ದು?”

ಹಾಲು ತಂಬಿಗೆ ದಾಟಿತು, ಎರಡು ತಂಬಿಗೆ ದಾಟಿತು. ಕೆನೆ ರೊಟ್ಟಿಯಂತೆ ಕಟ್ಟತೊಡಗಿತು. ಉಜ್ಜನಪ್ಪನವರ ತಟ್ಟೆಗೆ ಬೆಣ್ಣೆ ಬಂತು, ಹೋಳಿಗೆ ಬಂತು. ಸರ್ವಮಂಗಳಮ್ಮನವರ ತುರುಬಿಗೆ ಮಲ್ಲಿಗೆ ಬಂತು. ಅದನ್ನು ಉಜ್ಜನಪ್ಪನವರು ನೋಡಲಿಲ್ಲ. ಎಮ್ಮೆ ನೋಡಿ, ಎಟುಕಿದಾಗ ತಿಂದಿತು.

ಹುಣ್ಣಿಮೆಯ ದಿನ ಶಿವಯೋಗಪ್ಪ ಹಗ್ಗ ಹಿಡಿದೇ ಬಂದ. ವಿಜಯೋತ್ಸವಕ್ಕೆಂದು ಉಜ್ಜನಪ್ಪನವರು ಡಾಕ್ಟರನ್ನೂ ಕರೆತಂದಿದ್ದರು. ಬೋಗುಣಿ ಕಂಠಮಟ್ಟ ತುಂಬಿ ಕೂತಿತ್ತು. ಶಿವಯೋಗಪ್ಪ ಎರಡು ಸಲ ಬಗ್ಗಿ ನೋಡಿದ, ಹಗ್ಗ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡ. “ಸೋತೆ ಉಜ್ಜನಪ್ಪೋರೆ. ಎಮ್ಮೆ ನಿಮ್ದೇ.”

“ಭೇಷ್!” ಎಂದರು ಡಾಕ್ಟರು. “ಮೂರು ಹೊತ್ತೂ ಕರೆದ್ರಾ?”

“ಕರದೆ ಅಂದ್ರೆ? ನೋಡ್ರಿಲ್ಲಿ!” ಗೆಲುವಿನ ಧೈರ್ಯಕ್ಕೆ ಉಜ್ಜನಪ್ಪನವರು ಮೊದಲ ಬಾರಿಗೆ ಎಮ್ಮೆಯ ಮುಸುಡಿಯ ಮುಂದೆಯೇ ಹೋಗಿ ನಿಂತರು. “ಮಂಗಳಾ... ನನ್ನ ಬಂಗಾರಾ... ಮಂಗಳಾ!”

ಕಾಫಿ ತರುತ್ತಿದ್ದ ಸರ್ವಮಂಗಳಮ್ಮ ಬಾಗಿಲಲ್ಲೇ ನಿಂತರು.

ಡಾಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಅಯ್ಯೋ ಯಜಮಾನ್ರೇ! ಕರೀರಿ ಅಂದ್ರೆ ಹಾಲು ಕರೀರಿ ಅಂತ ಕಣ್ರೀ! ನಿಮ್ಮ ಕಡೆ ಹಿಂಡೋದು ಅಂತಾರಲ್ಲ, ಅದು. ಎಮ್ಮೇನ ಹೆಸರು ಹಿಡಿದು ಕೂಗಿ ಅಂತ ಯಾರು ಹೇಳಿದ್ರು?”

ಉಜ್ಜನಪ್ಪನವರಿಗೆ ಸಿಟ್ಟು ನೆತ್ತಿಗೇರಿತು. “ಮತ್ತೆ ಹಾಲು ಹೆಂಗೆ ಜಾಸ್ತಿ ಆತು?”

“ನಾನು ಮೂರು ಹೊತ್ತು ಹಿಂಡಿದ್ದಕ್ಕೆ,” ಎಂದರು ಸರ್ವಮಂಗಳಮ್ಮ.

“ನೀನ್ಯಾಕ ಮೂರು ಹೊತ್ತು ಹಿಂಡಿದಿ?”

“ನೀವು ಕರದ್ರಲ್ಲ, ಬಂದೆ.”

ಸರ್ವಮಂಗಳಮ್ಮ ಕಾಫಿ ಲೋಟಗಳನ್ನು ಒಗೆಯುವ ಕಲ್ಲಿನ ಮೇಲೆ ಇಟ್ಟರು.

“ಹಂಗಾದ್ರೆ ಆ ಎರಡು ಸೂಲು?”

“ಎಮ್ಮೇದು,” ಎಂದರು ಉಜ್ಜನಪ್ಪನವರು. ಸುಳ್ಳು ಹೇಳಿ ಅವರಿಗೆ ಅಭ್ಯಾಸವಿರಲಿಲ್ಲ.

“ಆ ಕಣ್ಣು?”

“ಅದೂ ಎಮ್ಮೇದೇ.”

ಸರ್ವಮಂಗಳಮ್ಮ ಒಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಸೀರೆ ತುಂಬಿದ ಚೀಲವಿತ್ತು. “ಅಣ್ಣಾ, ನಡಿ ಊರಿಗೆ. ಅಲ್ಲಿ ನನ್ನ ಹೆಸರು ಹಿಡಿದು ಕರೆಯೋರು ಇನ್ನೂ ಅದಾರೆ.”

ಹಗ್ಗ ಹಿಡಿದು ಎಮ್ಮೆಗೆಂದು ಬಂದ ಶಿವಯೋಗಪ್ಪ ತಂಗಿಯನ್ನು ಕರೆದುಕೊಂಡು ಹೊರಟ. ಹಾಡುಹಗಲು. ಹಳೇಪೇಟೆಯ ಬಾಗಿಲುಗಳೆಲ್ಲ ತೆರೆದಿದ್ದವು. ಉಜ್ಜನಪ್ಪನವರು ಬೀದಿ ಬಾಗಿಲಿಗೆ ಓಡಿಬಂದರು. ‘ಏ ಇವಳೇ’ ಎಂಬುದು ನಾಲಿಗೆಯ ತುದಿಗೆ ಬಂತು, ಕಷ್ಟಪಟ್ಟು ನುಂಗಿದರು. ಮದುವೆಯಾದಾಗಿನಿಂದ ಮೊದಲ ಬಾರಿಗೆ, ಊರೆಲ್ಲ ಕೇಳುವಂತೆ, ಹೆಂಡತಿಯ ಹೆಸರು ಹಿಡಿದು ಕರೆದರು.

“ಮಂಗಳಾ!”

ಹಿತ್ತಲಿಂದ ಎಮ್ಮೆ ಗಟ್ಟಿಯಾಗಿ ಓಗೊಟ್ಟಿತು.

ಸರ್ವಮಂಗಳಮ್ಮ ತಿರುಗಿ ನೋಡಲಿಲ್ಲ. “ಹೋಗ್ರಿ, ಓ ಅಂತಾಳೆ,” ಎಂದರು. “ಹಿಂಡೋ ಹೊತ್ತಾಗೈತೆ.”