ಬೆನಕಪ್ಪನ ಕರೆನ್ಸಿ ವ್ಯಾಪಾರ

ಬೆನಕಪ್ಪ ಕೆಟ್ಟದ್ದು ಒಂದು ಪುಸ್ತಕದಿಂದ. ಹೊಸಪೇಟೆ ಬಸ್ ನಿಲ್ದಾಣದಲ್ಲಿ ಹಗರಿಬೊಮ್ಮನಹಳ್ಳಿ ಬಸ್ಸಿಗೆ ಕಾದು ಕಾದು ಬೇಜಾರಾಗಿ ಕೊಂಡಿದ್ದು. ‘ಕರೆನ್ಸಿ ಟ್ರೇಡಿಂಗ್: ಹೊಸಬರಿಗೆ ಸ್ವಯಂ ಬೋಧಿನಿ.’ ಬಸ್ಸು ಹೊತ್ತಿಗೆ ಸರಿಯಾಗಿ ಬಂದಿದ್ದರೆ ಇಷ್ಟೆಲ್ಲ ಆಗುತ್ತಲೇ ಇರಲಿಲ್ಲ. ತಪ್ಪು ಬಸ್ಸಿನದು ಅಂತಲೇ ನನ್ನ ವಾದ.

ಡಾಲರ್ ಅಗ್ಗವಾದಾಗ ಕೊಳ್ಳಬೇಕು, ತುಟ್ಟಿಯಾದಾಗ ಮಾರಬೇಕು, ಇಷ್ಟೇ ವಿದ್ಯೆ. ಆದರೆ ಹೊಸಬರು ಮೊದಲು ಸುಳ್ಳುಸುಳ್ಳೇ ವ್ಯಾಪಾರ ಮಾಡಿ ಕೈ ಪಳಗಿಸಿಕೊಳ್ಳಬೇಕು ಎಂದು ಪುಸ್ತಕ ಹೇಳಿತ್ತು. ಬೆನಕಪ್ಪ ಶೇಂಗಾಬೀಜವನ್ನು ಡಾಲರ್ ಮಾಡಿಕೊಂಡ, ಕಡಲೆಬೇಳೆಯನ್ನು ರೂಪಾಯಿ. ದಿನಾ ಬೆಳಿಗ್ಗೆ ಪೇಪರಿನಲ್ಲಿ ದರ ನೋಡಿ, ಅಡುಗೆಮನೆ ಕಟ್ಟೆಯ ಮೇಲೆ ಅದನ್ನು ಕೊಟ್ಟು ಇದನ್ನು ಕೊಳ್ಳುವುದು, ಇದನ್ನು ಕೊಟ್ಟು ಅದನ್ನು ಕೊಳ್ಳುವುದು. ಹೆಂಡತಿ ಪುಷ್ಪಲತಾ ಒಂದೆರಡು ಸಲ ಅಮೆರಿಕದ ಸಂಪತ್ತನ್ನೆಲ್ಲ ಹುರಿದು ಚಟ್ನಿಪುಡಿ ಮಾಡಿದ್ದೂ ಉಂಟು. ಆದರೂ ಗಂಡನಿಗೆ ಒಂದು ಮಾತು ಅನ್ನಲಿಲ್ಲ. “ಬರೋ ದೀಪಾವಳಿಗೆ ಡಾಲರ್ ತಗೊಂಡ ತಗೋತೀನಿ” ಎಂದು ಅವನು ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. ಸರಕ್ಕೆ ಬಂಗಾರದ ಡಾಲರ್ ಹಾಕಿಸಬೇಕೆಂದು ಅವಳು ಮದುವೆಯಾದಾಗಿನಿಂದ ಕೇಳುತ್ತಿದ್ದಳು.

ಮೂರು ಅಧ್ಯಾಯ ಸುಗಮವಾಗಿ ಹೋದವು. ನಾಲ್ಕನೆಯದರಲ್ಲಿ ದರದ ಏರಿಳಿತ ತೋರಿಸಲು ಪುಟದ ತುಂಬ ಮೇಣದಬತ್ತಿಯಂಥ ಚಿತ್ರಗಳು. ಕೆಲವು ಬಿಳಿ, ಕೆಲವು ಕರಿ.

“ಕರೆಂಟ್ ಹೋದಾಗ ಓದೋ ಪಾಠ ಇರಬೇಕು ಬಿಡ್ರಿ” ಎಂದಳು ಪುಷ್ಪಲತಾ.

“ನಿನಗೇನ್ ತಿಳೀತೈತಿ? ಇದನ್ನ ಗುರು ಇಲ್ದ ಕಲಿಯಾಕ ಆಗಂಗಿಲ್ಲ.”

ಗುರು ಅವತ್ತೇ ಬಂದ, ಆಟೋದಲ್ಲಿ. ಓಣಿಯ ಬಾಯಲ್ಲಿ ಮೈಕು ಕೂಗಿತು: “ಕರೆನ್ಸಿ ವ್ಯಾಪಾರ ಕಲೀರಿ! ಹೊಸಬರಿಗೆ ಪುಕ್ಕಟೆ ತರಬೇತಿ! ಇವತ್ತ ಹನ್ನೊಂದು ಗಂಟಿಗೆ, ಬಸ್ ಸ್ಟ್ಯಾಂಡ್ ಹಿಂದಿನ ಕಲ್ಯಾಣ ಮಂಟಪದಾಗ!”

ಬೆನಕಪ್ಪ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಬೀದಿಗೆ ಬಿದ್ದ. “ನಾ ಕರೆನ್ಸಿ ವ್ಯಾಪಾರ ಕಲಿಯಾಕ ಹೊಂಟೀನಿ!” ಎಂದು ಕೇಳದವರಿಗೂ ಹೇಳಿದ. ಬಾಯಿ ಮುಚ್ಚಿಕೊಂಡು ಹೋಗಬಾರದಿತ್ತೇ? ಪಕ್ಕದ ಮನೆಯ ದುರುಗಮ್ಮ ಮೊಬೈಲ್ ಹಿಡಿದುಕೊಂಡು ಓಡಿ ಬಂದಳು.

“ಬೇಸಾತು ನೋಡಪ. ನಂದು ಕರೆನ್ಸಿ ಖಾಲಿ ಆಗೇತಿ. ಹತ್ತು ರೂಪಾಯಿದು ಹಾಕು, ಹರಪನಹಳ್ಳಿ ಮಗಳ ಕೂಡ ಮಾತಾಡಬೇಕು.”

ನಮ್ಮ ಕಡೆ ಮೊಬೈಲಿಗೆ ದುಡ್ಡು ತುಂಬಿಸುವುದಕ್ಕೂ ಕರೆನ್ಸಿ ಹಾಕುವುದು ಅಂತಲೇ ಹೆಸರು. ಬೆನಕಪ್ಪನಿಗೆ ಮೈ ಉರಿಯಿತು.

“ಯವ್ವಾ, ಅದು ಮೊಬೈಲ್ ಕರೆನ್ಸಿ. ನಂದು ದೇಶದೇಶದ ಕರೆನ್ಸಿ. ತಿಳೀಲಾರದ್ದಕ್ಕ ಬಾಯಿ ಹಾಕಬ್ಯಾಡ!”

“ಯಾವ ದೇಶದ್ದರ ಆಗ್ಲಿ, ಹರಪನಹಳ್ಳಿಗೆ ಹತ್ತಿದ್ರ ಸಾಕಪ.”

ಮೂಲೆಯ ಚಾದಂಗಡಿಯ ಮಂಜಣ್ಣ ಇನ್ನೂ ಮುಂದೆ ಹೋದ. “ಏ ಬೆನಕಪ್ಪ, ಎಲ್ಲಾ ಕಂಪನೀದೂ ಇಡ್ತಿಯೇನು? ಉದ್ರಿ ಕೊಡಬ್ಯಾಡಲೇ, ಮುಳುಗಿ ಹೊಕ್ಕಿ” ಎಂದು ಬುದ್ಧಿ ಹೇಳಿ, ತನ್ನ ನಂಬರನ್ನು ಅವನ ಅಂಗೈ ಮೇಲೆ ಪೆನ್ನಿನಲ್ಲಿ ಬರೆದೂ ಬಿಟ್ಟ. ಎಂಥ ದಡ್ಡರ ನಡುವೆ ಹುಟ್ಟಿದೆನಪ್ಪ ಎಂದು ಹಲುಬುತ್ತ ಬೆನಕಪ್ಪ ಉಜ್ಜಿನಪ್ಪ ಸಾಹುಕಾರರ ದಲಾಲಿ ಅಂಗಡಿ ಸೇರಿದ. ಹನ್ನೆರಡು ವರ್ಷದಿಂದ ಅಲ್ಲಿ ಲೆಕ್ಕ ಬರೆಯುತ್ತಿದ್ದ.

“ಸಾಹುಕಾರ್ರ, ಇವತ್ತೊಂದಿನ ರಜಾ ಬೇಕ್ರಿ.”

“ಇವತ್ತ ಆಗಂಗಿಲ್ಲಪ. ನಂದ ಒಂದು ಕಾರ್ಯಕ್ರಮ ಐತಿ. ಮೆಕ್ಕಿಜೋಳದ ಲಾರಿ ಬರತೈತಿ, ನೀನೂ ಹೋದ್ರ ಲೆಕ್ಕ ಯಾರು ಬರೀಬೇಕು?”

ದುರುಗಮ್ಮ, ಮಂಜಣ್ಣ ಹೊತ್ತಿಸಿದ್ದ ಸಿಟ್ಟೆಲ್ಲ ಇಲ್ಲಿ ಸಿಡಿಯಿತು.

“ನೀವ ಬರ್ಕೊಳ್ರಿ! ನಾಳಿಂದ ನಾ ಡಾಲರ್ ಎಣಸಾವ. ನಿಮ್ಮ ಮೆಕ್ಕಿಜೋಳ ನಿಮಗ ಇರ್ಲಿ, ನಿಮ್ಮ ಕೆಲ್ಸಾನೂ ಬ್ಯಾಡ!”

ಹಮಾಲರು ಹೊತ್ತ ಚೀಲ ಹೊತ್ತಂತೆಯೇ ನಿಂತರು. ಸಾಹುಕಾರರು “ಶಿವಾ” ಎಂದರು, ಅಷ್ಟೆ. ಬೆನಕಪ್ಪ ಹೊರಗೆ ಬಂದು ಬೆರಳು ಮಡಚಿ ಲೆಕ್ಕ ಹಾಕಿದ. ಪಗಾರ ಹೋಯಿತು. ಇನ್ನು ಮನೆ ನಡೆಯುವುದೂ ಪುಷ್ಪಲತಾಳ ಕೊರಳಿಗೆ ಡಾಲರ್ ಬರುವುದೂ ಈ ತರಬೇತಿಯ ಮೇಲೆಯೇ.

ಮಂಟಪದಲ್ಲಿ ಜನವೋ ಜನ. ಕಿರಾಣಿ ಅಂಗಡಿಯವರು, ಪಾನ್ ಬೀಡಾದವರು, ಜೆರಾಕ್ಸ್ ಅಂಗಡಿಯವರು. ನಮ್ಮೂರು ಇಷ್ಟು ಮುಂದುವರಿದಿದೆಯಲ್ಲ ಎಂದು ಬೆನಕಪ್ಪನಿಗೆ ಕಣ್ಣು ಒದ್ದೆಯಾದವು. ಮುಂದಿನ ಸಾಲಿನಲ್ಲೇ ಕೂತ.

ಬಳ್ಳಾರಿಯಿಂದ ಬಂದ ತರಬೇತುದಾರ ಅರುಣಕುಮಾರ್ ಮೈಕು ಹಿಡಿದ. “ಕರೆನ್ಸಿ ವ್ಯಾಪಾರಕ್ಕ ಮೊದ್ಲು ಏನ್ ಗೊತ್ತಿರಬೇಕು? ಯಾರರ ಹೇಳ್ರಿ.”

ಬೆನಕಪ್ಪ ಎದ್ದು ನಿಂತ. ಡಾಲರ್ ಯಾಕೆ ಏರುತ್ತದೆ, ಜಪಾನಿನ ಯೆನ್ ಯಾಕೆ ಇಳಿಯುತ್ತದೆ, ಹೊಸಬರು ಮೊದಲು ಶೇಂಗಾದಲ್ಲಿ ಯಾಕೆ ಅಭ್ಯಾಸ ಮಾಡಬೇಕು, ಎಲ್ಲ ಬಿಡಿಸಿ ಹೇಳಿದ. ಸಭೆ ಬಾಯಿ ತೆರೆದುಕೊಂಡು ಕೇಳಿತು.

ಅರುಣಕುಮಾರ್ ತಲೆ ಕೆರೆದುಕೊಂಡ. “ಅಮೆರಿಕಾ, ಜಪಾನಿಗೂ ನಮ್ಮ ಕರೆನ್ಸಿ ಒಳಗ ಫೋನ್ ಹೊಕ್ಕತ್ರಿ ಯಜಮಾನ್ರ. ಆದ್ರ ಲಗೂನ ಮುಗಿತೈತಿ.” ಆಮೇಲೆ ಜೇಬಿನಿಂದ ಒಂದು ರಿಚಾರ್ಜ್ ಕಾರ್ಡ್ ತೆಗೆದು ಎತ್ತಿ ಹಿಡಿದ. “ಎಲ್ರೂ ನೋಡ್ರಿ, ಇದನ್ನ ಉಗುರಿಲೆ ಕೆರೀಬ್ಯಾಡ್ರಿ, ನಾಣ್ಯದಲೆ ಕೆರೀರಿ.”

ಬೆನಕಪ್ಪ ನಿಂತೇ ಇದ್ದ. ಕೂರುವುದು ಹೇಗೆಂದು ಮರೆತುಹೋಗಿತ್ತು.

“ಈಗ ನಿಮ್ಮ ತಾಲೂಕಿನ ಹೊಸ ಕರೆನ್ಸಿ ಏಜೆಂಟರಿಗೆ ಹಾರ ಹಾಕೂಣು” ಎಂದ ಅರುಣಕುಮಾರ್. ವೇದಿಕೆಗೆ ಹತ್ತಿದವರು ಉಜ್ಜಿನಪ್ಪ ಸಾಹುಕಾರರು. ಅವರ ಕಾರ್ಯಕ್ರಮ ಇದೇ. ಹಾರದ ಮೇಲಿಂದ ಅವರು ಬೆನಕಪ್ಪನನ್ನು ನೋಡಿದರು.

“ಲೇ ಬೆನಕಪ್ಪ, ನನ್ನ ಕೆಲ್ಸ ಬಿಟ್ಟು ನನ್ನ ಹತ್ರನ ಕಲಿಯಾಕ ಬಂದಿಯೇನೋ! ಮೊದ್ಲ ಹೇಳಿದ್ರ ಜೀಪಿನಾಗ ಕರ್ಕೊಂಡು ಬರ್ತಿದ್ನೆಲ್ಲೋ.”

ಮಧ್ಯಾಹ್ನದ ಹೊತ್ತಿಗೆ ದಲಾಲಿ ಅಂಗಡಿಯ ಮುಂದೆ ಮೊಬೈಲ್ ಕಂಪನಿಯ ಬಣ್ಣದ ಛತ್ರಿ ಎದ್ದಿತು. ಅದರ ಕೆಳಗೆ ಬೆನಕಪ್ಪ. ಒಂದು ಕೈಯಲ್ಲಿ ಮೆಕ್ಕೆಜೋಳದ ಲೆಕ್ಕ, ಇನ್ನೊಂದರಲ್ಲಿ ಕಾರ್ಡಿನ ಕಟ್ಟು. ಕೆಲಸ ಎರಡು, ಪಗಾರ ಮಾತ್ರ ಹಳೆಯದೇ.

ಮೊದಲ ಗಿರಾಕಿ ದುರುಗಮ್ಮ. ಹತ್ತು ರೂಪಾಯಿ ನೋಟು ಚಾಚಿ ಹೇಳಿದಳು:

“ಬೆಳಿಗ್ಗೆ ನಾ ಇದನ್ನ ಹೇಳಿದ್ನೆಲ್ಲಪ. ಇಷ್ಟು ಕಲಿಯಾಕ ಮಂಟಪತನಕ ಹೋಗಬೇಕಾಗಿತ್ತೇನು?”