ಮೂರು ಲೋಟ ಹಾಲಿನ ಮಗಳು

ಸಂಬಂಧ ಹುಡುಕುವುದರಲ್ಲಿ ತನ್ನನ್ನು ಮೀರಿಸುವ ಗಂಡಸು ಕುಂದಾಪುರದಿಂದ ಬೈಂದೂರಿನವರೆಗೆ ಹುಟ್ಟಿಲ್ಲವೆಂದು ಪಾಂಡು ನಂಬಿದ್ದ. ಬಸ್ಸಿನಲ್ಲಿ ಪಕ್ಕ ಕೂತವನ ಊರು ಕೇಳಿದರೆ ಸಾಕು, ಮರವಂತೆ ದಾಟುವುದರೊಳಗೆ ಅವನು ಪಾಂಡುವಿಗೆ ಭಾವನೋ ಚಿಕ್ಕಪ್ಪನೋ ಆಗಿ ಟಿಕೆಟನ್ನೂ ತೆಗೆಸಿಕೊಡುತ್ತಿದ್ದ. ಹೀಗೆ ಊರಿಗೆಲ್ಲ ನೆಂಟನಾದವನಿಗೆ ನೆಂಟಸ್ತಿಕೆ ಇಲ್ಲದಿದ್ದದ್ದು ಒಂದೇ ಮನೆಯಲ್ಲಿ, ಅದೂ ಪಕ್ಕದ ಮನೆಯಲ್ಲಿ. ಆ ಮನೆಯಾಕೆ, ಒಣಮೀನು ಮಾರುವ ಪದ್ದುವಿನ ತೆಂಗಿನಮರದಿಂದ ಕಾಯಿ ಬಿದ್ದು ಪಾಂಡುವಿನ ಹೊಸ ಕಾರಿನ ಬಾನೆಟ್ಟು ತಗ್ಗಾದ ದಿನ, "ಈ ಜನ್ಮದಂಗೆ ನಿನ್ನ್ ಮನಿ ಮೆಟ್ಲ್ ಹತ್ತಿರೆ ನನ್ನ್ ಹೆಸ್ರ್ ಪಾಂಡು ಅಲ್ಲ" ಎಂದು ಬೇಲಿಯ ಈಚೆ ನಿಂತು ಘೋಷಿಸಿದ್ದ.

ಅಂಥ ಪಾಂಡುವಿನ ಮಗ ವಿಶಾಲ್ ಮೆಚ್ಚಿದ್ದು ಕೋಟೇಶ್ವರದ ಮಾರ್ಬಲ್ ಅಂಗಡಿಯ ಭಂವರ್‌ಲಾಲ್ ಸೇಟರ ಮಗಳು ಕೋಮಲ್‌ಳನ್ನು. ಹುಡುಗಿ ಹುಟ್ಟಿ ಬೆಳೆದದ್ದು ಇಲ್ಲೇ, ಮನೆತನ ಮಾತ್ರ ರಾಜಸ್ಥಾನದ್ದು. ಅವಳು ಅತ್ತು ಕರೆದು ಹಟ ಹಿಡಿದ ಮೇಲೆ ಸೇಟರು ಅರೆಮನಸ್ಸಿನಿಂದ ಮಾತುಕತೆಗೆ ಬಂದಿದ್ದರು, ಹೆಂಡತಿ, ಮಗಳು ಮತ್ತು ಸೂಟ್‌ಕೇಸುಗಳ ಸಮೇತ. ಮಾತು ಮುರಿದರೆ ಸಂಜೆಯ ರೈಲಿಗೆ ಹುಡುಗಿ ಊರಿಗೆ. ಅಲ್ಲಿ ಇನ್ನೊಬ್ಬ ವರ ಕಾದಿದ್ದ. ವಿಶಾಲನಿಗೆ ಬೆಳಿಗ್ಗೆಯಿಂದ ಒಂದು ತುತ್ತೂ ಇಳಿದಿರಲಿಲ್ಲ.

ಉಳಿದ ತೊಡಕು ಒಂದೇ, ಬಳಿ. ಪಾಂಡುವಿನವರಲ್ಲಿ ಕುಲದ ಗುರುತಾದ ಬಳಿ ಬರುವುದು ತಾಯಿಯ ಕಡೆಯಿಂದ. ಒಂದೇ ಬಳಿಯವರು ಅಣ್ಣತಂಗಿ, ಅವರಿಗೆ ಮದುವೆ ಕೂಡದು. ಹೊರಗಿನ ಹುಡುಗಿಗೆ ಬಳಿಯೇ ಇಲ್ಲವಲ್ಲ. ಹಾಗಾಗಿ ಇಲ್ಲಿಯ ಹೆಂಗಸೊಬ್ಬಳು ಅವಳನ್ನು ಮಡಿಲಲ್ಲಿ ಕೂರಿಸಿ, ಹಾಲು ಕುಡಿಸಿ, ಮಗಳು ಮಾಡಿಕೊಂಡು ತನ್ನ ಬಳಿ ಕೊಡಬೇಕು. ಅದನ್ನು ನಿಂತು ನಡೆಸಬೇಕಾದವರು ಪಾಂಡುವಿನ ಹೆಂಡತಿ ಜಲಜಳ ಅಣ್ಣ, ಅಂದರೆ ವಿಶಾಲನ ಸೋದರಮಾವ ಚಂದಯ್ಯ. ಅವರ ಬಸ್ಸು ಇನ್ನೂ ಬಂದಿರಲಿಲ್ಲ.

"ಅಣ್ಣ ಬರ್ಲಿ, ಅವಸ್ರ ಎಂತಕೆ?" ಎಂದಳು ಜಲಜ.

"ನಂಗೆ ಗೊತ್ತಿಲ್ದಿದ್ದ್ ಸಂಬಂಧ ಇತ್ತಾ? ಅವ್ರ್ ಬಪ್ಪುದ್ರೊಳ್ಗೆ ನಾನೇ ಮುಗ್ಸ್ತೆ."

ಪಾಂಡು ಎದ್ದು ನಿಂತು ಗಂಟಲು ಸರಿಮಾಡಿಕೊಂಡ. "ಸೇಟ್ರೆ, ಸೊಸಿ ಅಂದ್ರೆ ಬೇರೆಯೋರ್ ಮಗಳ್. ನಮ್ಗೆ ಅದ್ ಬ್ಯಾಡ. ಇವತ್ತಿಂದ ಕೋಮಲ್ ನಮ್ದೇ ಮಗಳ್!"

"ಹ್ವಾಯ್, ಅದ್..." ಎಂದು ಜಲಜ ಬಾಯಿ ತೆರೆದಳು.

"ನೀ ಸುಮ್ನೆ ಕೂಕೊ."

ಕೂತವಳ ಮಡಿಲಲ್ಲೇ ಹುಡುಗಿಯನ್ನು ಕೂರಿಸಿ ಒಂದು ಲೋಟ ಹಾಲು ಕುಡಿಸಿಯೂ ಆಯಿತು. ಸೇಟರ ಕಣ್ಣು ಒದ್ದೆಯಾಯಿತು. ಪಾಂಡು ಚುನಾವಣೆ ಗೆದ್ದವನ ಹಾಗೆ ಎಲ್ಲರಿಗೂ ಕೈ ಮುಗಿಯುತ್ತಿರುವಾಗ ಚಂದಯ್ಯ ಚಪ್ಪಲಿ ಬಿಟ್ಟು ಒಳಗೆ ಬಂದರು.

"ಯಾರ್ ಮಡ್ಲಂಗೆ ಕೂರ್ಸಿದ್ರಿ?"

"ಜಲಜನ್ ಮಡ್ಲಂಗೆ, ಭಾವ."

"ವಿಶಾಲನ್ನ ಹೆತ್ತದ್ ಯಾರ್?"

"ಜಲಜನೇ." ಹೇಳುತ್ತಾ ಹೇಳುತ್ತಾ ಪಾಂಡುವಿನ ದನಿ ಇಳಿಯಿತು.

"ಹಾಂಗಾರೆ ಈಗಳ್ ಇವ್ಳ್ ಅವ್ನ್ ತಂಗಿ."

ವಿಶಾಲ್ ಕೈಯಲ್ಲಿದ್ದ ತಟ್ಟೆಯನ್ನು ನಿಧಾನ ಕೆಳಗಿಟ್ಟ. ಸೇಟರ ಮುಖ ಕೆಂಪಾಯಿತು.

"ಪಾಂಡಣ್ಣ, ಸಂಬಂಧ ಬೇಡ ಅಂದ್ರೆ ಸೀದಾ ಹೇಳ್ಬೇಕು. ಮನೆಗೆ ಕರ್ದು ರಾಖಿ ಕಟ್ಸೂದು ಎಂತಕ್ಕೆ?"

ಪಾಂಡುವಿನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಆದರೆ ಸೋಲೊಪ್ಪುವ ಜಾತಿಯೇ ಅಲ್ಲವಲ್ಲ! ಪಕ್ಕದಲ್ಲಿ ನಿಂತಿದ್ದ ತಂಗಿ ಹರಿಣಾಕ್ಷಿಯನ್ನು ಕಂಡದ್ದೇ ತಲೆ ಓಡಿತು.

"ಹರಿಣಾಕ್ಷಿ ಮಗಳ್ ಮಾಡ್ಕಣ್ಲಿ. ನಮ್ಮ್ ಬಳಿಯೇ ಬೇರೆ. ಆಗಳ್ ಇವ್ಳ್ ವಿಶಾಲಂಗೆ ಅತ್ತಿ ಮಗಳ್. ಅದ್ಕಿಂತ ಚಂದದ್ ಸಂಬಂಧ ಎಲ್ಲಿತ್ತ್?"

"ಅದ್ ಸಮ," ಎಂದರು ಚಂದಯ್ಯ. ಒಮ್ಮೆ ಮಗಳು ಮಾಡಿಕೊಂಡವಳನ್ನು ಇನ್ನೊಂದು ಮಡಿಲಿಗೆ ದಾಟಿಸಲು ಅಡ್ಡಿಯಿಲ್ಲವೆಂದೂ ಹೇಳಿದರು. ಎರಡನೇ ಲೋಟ ಹಾಲು ಬಂತು. ಕೋಮಲ್ ಕಷ್ಟಪಟ್ಟು ಕುಡಿದಳು. ಪಾಂಡು ಹೆಮ್ಮೆಯಿಂದ ಸೇಟರಿಗೆ ವಿವರಿಸಿದ, ಸೇಟರು ಹೆಂಡತಿಗೆ ಹಿಂದಿಯಲ್ಲಿ ವಿವರಿಸಿದರು. ಆಕೆ ತಲೆಯ ಸೆರಗು ಎಳೆದುಕೊಂಡು ಎದ್ದೇ ನಿಂತರು.

"ಬುವಾ ಕೀ ಬೇಟಿ? ವೋ ತೋ ಬೆಹನ್ ಹೈ."

"ನಮ್ಮಲ್ಲಿ ಅತ್ತೆ ಮಗಳು, ಮಾವನ ಮಗಳು ಎಲ್ಲ ತಂಗಿಯೇ," ಎಂದರು ಸೇಟರು. "ಒಂದು ಸಲ ನಿಮ್ಮ ಲೆಕ್ಕದಲ್ಲಿ ತಂಗಿ ಮಾಡಿದ್ರಿ, ಇನ್ನೊಂದು ಸಲ ನಮ್ಮ ಲೆಕ್ಕದಲ್ಲಿ. ಸಾಕು ಪಾಂಡಣ್ಣ." ಅವರು ಸೂಟ್‌ಕೇಸಿಗೆ ಕೈ ಹಾಕಿದರು. ಕೋಮಲ್ ಮುಖ ಮುಚ್ಚಿಕೊಂಡಳು.

"ಅಪ್ಪಯ್ಯ, ದಮ್ಮಯ್ಯ, ಇನ್ನ್ ನೀವ್ ಬಾಯಿ ತೆರಿಬೇಡಿ," ಎಂದ ವಿಶಾಲ್. ಪಾಂಡು ತನ್ನ ಕೈಯಾರೆ ಮಗನ ಬಾಳು ಹಾಳಾಯಿತೆಂದು ಗೋಡೆಗೆ ಒರಗಿದ.

"ಸ್ವಲ್ಪ ನಿಲ್ಲಿ, ಸೇಟ್ರೆ," ಎಂದರು ಚಂದಯ್ಯ. "ಹುಡ್ಗನಿಗೆ ನಿಮ್ಮ್ ಲೆಕ್ಕದಂಗೂ ನಮ್ಮ್ ಲೆಕ್ಕದಂಗೂ ಎಂತದೂ ಆಗ್ದಿದ್ದ್ ಹೆಂಗಸ್ ಬೇಕ್. ಈ ಮನಿ ಸಾಲಂಗೆ ಯಾರಿದ್ರ್?"

ಯಾರಿದ್ದಾರೆ? ಆಚೆ ಮನೆಯ ಕಮಲ ತನ್ನ ದೊಡ್ಡಮ್ಮನ ಮೊಮ್ಮಗಳೆಂದು ಪಾಂಡುವೇ ಸಾಬೀತು ಮಾಡಿದ್ದ. ಅದರಾಚೆಯವರು ಜಲಜಳ ಬಳಿಯವರೆಂದು ಹುಡುಕಿ ತೆಗೆದವನೂ ಅವನೇ. ಹುಡುಕಿ ಹುಡುಕಿ ಇಡೀ ಸಾಲನ್ನು ನೆಂಟರು ಮಾಡಿ ಬಿಟ್ಟಿದ್ದ.

"ನಿಮ್ಗೆ ಎಂತದೂ ಆಗ್ದಿದ್ದೋಳ್ ಒಬ್ಳ್ ಇದ್ಳಲೆ," ಎಂದು ಜಲಜ ಬೇಲಿಯ ಕಡೆ ನೋಡಿದಳು.

ಪಾಂಡು ಅಲ್ಲಿದ್ದ ಬಾಗಿಲು, ಕಿಟಕಿ, ಮಾಡು ಎಲ್ಲವನ್ನೂ ನೋಡಿದ, ಬೇಲಿಯೊಂದನ್ನು ಬಿಟ್ಟು.

"ಪದ್ದು ಗಂಗೊಳ್ಳಿ ಕಡಿಯೋಳ್, ಬಳಿ ಬೇರೆಯೇ," ಎಂದರು ಚಂದಯ್ಯ. ಸೇಟರು ಹೆಂಡತಿಯನ್ನು ಕೇಳಿ, "ಪಕ್ಕದ ಮನೆ ಹುಡುಗಿ ಆಗ್ಬೋದು," ಎಂದರು.

ಚಂದಯ್ಯ, ಜಲಜ ಕೋಮಲ್‌ಳನ್ನು ಕರೆದುಕೊಂಡು ಆಚೆ ಹೋದರು. ಮಕ್ಕಳಿಲ್ಲದ ಪದ್ದು ವಿಷಯ ಕೇಳಿದವಳೇ ಮೀನಿನ ಕೈ ತಿಕ್ಕಿ ತೊಳೆದು ಬಂದು ಹುಡುಗಿಯನ್ನು ಮಡಿಲಲ್ಲಿ ಕೂರಿಸಿಕೊಂಡು, ಹಾಲು ಕುಡಿಸಿ, ಸೆರಗಿನಿಂದ ಕಣ್ಣೊರೆಸಿಕೊಂಡಳಂತೆ. ವಾಪಸ್ಸು ಬಂದು ಇಷ್ಟನ್ನು ಹೇಳಿದ ಜಲಜ ಗಂಡನ ಮುಖ ನೋಡಿ ಉಳಿದದ್ದನ್ನೂ ಹೇಳಿದಳು.

"ಮಗಳ್ ಮಾಡ್ಕಂಡದ್ದ್ ಆಯ್ತ್, ಮದಿ ಮಾಡಿ ಕೊಡುದ್ ಬೇರೆ ಮಾತ್ ಅಂದ್ಳ್. ಹೆಣ್ಣ್ ಕೇಳುಕೆ ಹುಡ್ಗನ್ ಅಪ್ಪನೇ ಬರ್ಬೇಕಂಬ್ರ್."

ಸೇಟರು ಗಡಿಯಾರ ನೋಡಿದರು. ವಿಶಾಲ್ ಅಪ್ಪನನ್ನು ನೋಡಿದ. ಪಾಂಡು ಹೆಗಲಿಗೆ ಶಾಲು ಹಾಕಿಕೊಂಡು, ಬೇಲಿ ದಾಟಿ, ಆ ಮೆಟ್ಟಿಲು ಹತ್ತಿದ.

ಪದ್ದು ಜಗಲಿಯಲ್ಲಿ ಕಾಲು ನೀಡಿ ಕೂತಿದ್ದಳು. ಕೋಮಲ್ ಅವಳ ಪಕ್ಕ. "ಕೂಕಣಿ," ಎಂದಳು ಪದ್ದು, ಮೊದಲ ಸಲ ಕಂಡವರ ಹಾಗೆ. "ನಿಮ್ಮ್ ಹೆಸ್ರೆಂತ?"

ಪಾಂಡು ತಲೆ ತಗ್ಗಿಸಿದ. "ಪಾಂಡು... ಅಲ್ಲ ಅಂದ್ಕಣಿ."

"ಹುಡ್ಗ ಒಳ್ಳೆಯೋನೇ, ನಾ ಕಂಡಿದ್ದೆ," ಎಂದಳು ಪದ್ದು. "ಆರೆ ಒಂದ್ ವಿಷ್ಯ ನೀವೇ ವಿಚಾರ್ಸಿ ಹೇಳ್ಬೇಕ್. ಅವ್ನ್ ಅಪ್ಪಂದ್ ಬಾಯಿ ಸ್ವಲ್ಪ ಜೋರಂಬ್ರಲೆ. ನಮ್ಮ್ ಮಗಳ್ ಆ ಮನಿಯಂಗೆ ಬಾಳುದ್ ಹ್ಯಾಂಗೆ?"